ಕಾಡುವ ಪಾಪ

ಬೆಟ್ಟದ ಬುಡದಲ್ಲಿ ಮರುಳಯ್ಯನವರ ಆಶ್ರಮ. ಅವರ ಶಿಷ್ಯರಲ್ಲಿ ಚನ್ನವೀರ ಎಂಬವನೊಬ್ಬ ನಿಧಾನಸ್ಥ.

ನಿಧಾನವೆಂದರೆ ಅಂತಿಂಥ ನಿಧಾನವಲ್ಲ. ಉಳಿದವರು ಬಿಲ್ವದ ಕೊಂಬೆ ಜಗ್ಗಿ ಅಲ್ಲಾಡಿಸಿ ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದರು. ಇವನು ಒಂದೊಂದೇ ಪತ್ರೆ ನೋಡಿ ಕೊಯ್ದು ತರುವಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತಿತ್ತು. ಚನ್ನವೀರನನ್ನು ಹಾಲಿಗೆ ಕಳಿಸಿದರೆ ಮೊಸರು ಬರುತ್ತದೆ ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಒಳಗೊಳಗೇ ಕುಗ್ಗುತ್ತಿದ್ದ.

ಒಂದು ಸಂಜೆ ಬಟ್ಟೆಯ ಗಂಟು ಕಟ್ಟಿಕೊಂಡು ಬಂದು ಗುರುಗಳಿಗೆ ಅಡ್ಡಬಿದ್ದ. ಊರಿಗೆ ಮರಳಲು ಅಪ್ಪಣೆ ಬೇಡಿದ.

"ಯಾಕಪ್ಪಾ?" ಎಂದರು ಮರುಳಯ್ಯನವರು.

"ಎಲ್ಲದರಲ್ಲೂ ಹಿಂದೆ ಬೀಳ್ತೀನಿ ಗುರುಗಳೇ. ಈ ದಾರಿ ನನಗೆ ದಕ್ಕೋದಿಲ್ಲ. ಯಾವ ಜನ್ಮದ ಪಾಪವೋ ಕಾಡ್ತಾ ಇದೆ."

ಗುರುಗಳ ಮುಖ ಅರಳಿತು. "ಕಾಡು ಪಾಪವೇ? ನಮ್ಮ ಹುಣಸೆ ಮರದಲ್ಲೂ ಒಂದಿದೆ, ಬಾ."

ಪಾಪ ಮರ ಹತ್ತುವುದೂ ಉಂಟೇ ಎಂದುಕೊಳ್ಳುತ್ತ ಚನ್ನವೀರ ಗಂಟು ಹೆಗಲಿಗೇರಿಸಿಕೊಂಡೇ ಅವರ ಹಿಂದೆ ನಡೆದ.

ಇನ್ನೂ ಬೆಳಕಿತ್ತು. ಕೊಂಬೆಯ ಮೇಲೆ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪ್ರಾಣಿ. ಕಡ್ಡಿಯಂಥ ಕೈಕಾಲು, ಬಾಲವೇ ಇಲ್ಲ, ಮುಖದ ತುಂಬ ಕಣ್ಣು. ಅದರ ಹೆಸರೇ ಕಾಡುಪಾಪ. ಅದು ಒಂದು ಕೈ ಎತ್ತಿ ಮುಂದಿಡುವುದರೊಳಗೆ ನಾವು ಎಲೆಅಡಿಕೆ ಜಗಿದು ಮುಗಿಸಬಹುದು.

ಚನ್ನವೀರನಿಗೆ ಅಯ್ಯೋ ಅನ್ನಿಸಿತು. "ಇದು ನನಗಿಂತ ನಿಧಾನ. ಹೊಟ್ಟೆ ಹೇಗೆ ಹೊರೆಯುತ್ತೆ?"

ಗುರುಗಳು ತುಟಿಯ ಮೇಲೆ ಬೆರಳಿಟ್ಟು ಕೊಂಬೆಯ ತುದಿ ತೋರಿಸಿದರು. ಅಲ್ಲೊಂದು ಜೀರುಂಡೆ ಮೈಮರೆತು ಹಾಡುತ್ತಿತ್ತು.

ಕಾಡುಪಾಪ ಒಂದು ಕೈ ಇಟ್ಟಿತು, ಒಂದು ಕಾಲು ಇಟ್ಟಿತು. ಒಂದು ಎಲೆಯೂ ಮಿಸುಕಲಿಲ್ಲ, ಜೀರುಂಡೆಯ ಹಾಡೂ ನಿಲ್ಲಲಿಲ್ಲ. ಇನ್ನೇನು ಮೂಗಿಗೆ ಮೂಗು ತಾಗಬೇಕು, ಅಷ್ಟರಲ್ಲಿ ಎರಡೂ ಕೈ ಬಾಚಿದವು. ಹಾಡು ನಿಂತಿತು, ಅಗಿಯುವ ಸದ್ದು ಶುರುವಾಯಿತು.

ಚನ್ನವೀರ ಗೊಳ್ಳೆಂದು ನಕ್ಕುಬಿಟ್ಟ. ಮನಸ್ಸು ಬಿಚ್ಚಿ ನಕ್ಕು ಎಷ್ಟು ದಿನವಾಗಿತ್ತೋ. ಆಮೇಲೆ ತಾನು ಬಂದ ಕೆಲಸ ನೆನಪಾಗಿ ಮೆಲ್ಲಗೆ ಕೇಳಿದ.

"ಹಾಗಾದರೆ ನನ್ನ ಪಾಪದ ಗತಿ ಏನು ಗುರುಗಳೇ?"

ಮರುಳಯ್ಯನವರು ಅವನ ಹೆಗಲ ಮೇಲಿದ್ದ ಗಂಟನ್ನು ಇಳಿಸಿ ಅವನ ಕೈಗೇ ಕೊಟ್ಟರು.

"ಬಿಚ್ಚು. ಅವಸರ ಬೇಡ, ಕೊಂಬೆ ಅಲ್ಲಾಡೀತು."