ಉದ್ಘಾಟನೆಯ ದಾಸವಾಳ

ವ್ಯಾಪಾರ ಕಲಿಸುವ ಒಂದು ಕಾಲೇಜಿನಲ್ಲಿ, ಕಂಪನಿಗಳು ಪರಿಸರ ಕೆಡಿಸದೆ ನಡೆಯುವುದು ಹೇಗೆಂದು ಹುಡುಗರಿಗೆ ಪಾಠ ಶುರುವಾಗಿತ್ತು ನೋಡಿ. ದಿನಕ್ಕೊಬ್ಬರು ಅತಿಥಿ. ಬಂದವರೆಲ್ಲ ವೇದಿಕೆಯ ಮೇಲೆ ಕುಂಡದಲ್ಲಿದ್ದ ದಾಸವಾಳಕ್ಕೆ ನೀರೆರೆದೇ ಆ ದಿನದ ಪಾಠವನ್ನು ಉದ್ಘಾಟಿಸಬೇಕು. ನೀರೆರೆಯುವ ಹಿತ್ತಾಳೆ ತಂಬಿಗೆಗೆ ಈ ಗೌರವದಿಂದ ಹೊಟ್ಟೆ ಇನ್ನಷ್ಟು ಉಬ್ಬಿದಂತಿತ್ತು.

“ತಂಬಿಗೆಯಣ್ಣ, ಸಾಕು. ಬೇರು ಕೊಳೆಯುತ್ತಿದೆ” ಎಂದಿತು ದಾಸವಾಳ.

“ನಿನಗೆ ಬಾಯಾರಿದೆಯೇ ಎಂದು ಕೇಳಿದವರು ಯಾರಮ್ಮ? ಪ್ರಾಂಶುಪಾಲರು ಎರೆದಾಯಿತು, ಅತಿಥಿಗಳದು ಬಾಕಿ. ಫೋಟೊ ಮುಗಿಯುವವರೆಗೆ ತಲೆಯೆತ್ತಿ ನಿಲ್ಲು.”

ಅತಿಥಿಗಳು “ಕಂಪನಿಯಲ್ಲಿ ಒಂದು ಹನಿ ನೀರೂ ಪೋಲಾಗಬಾರದು” ಎನ್ನುತ್ತಲೇ ತಂಬಿಗೆಯನ್ನು ಪೂರ್ತಿ ಬಗ್ಗಿಸಿದರು. ಹುಡುಗರು ಶ್ರದ್ಧೆಯಿಂದ ಬರೆದುಕೊಂಡರು. ವಾರ ಕಳೆಯುವುದರೊಳಗೆ ದಾಸವಾಳ ಸತ್ತಿತು.

ಮರುದಿನ ಅದೇ ಕುಂಡದಲ್ಲಿ ಪ್ಲಾಸ್ಟಿಕ್ ದಾಸವಾಳವೊಂದು ಮೈತುಂಬ ಹೂಬಿಟ್ಟು ನಿಂತಿತ್ತು. ಹಳೆಯದರ ಗತಿ ಕಂಡಿದ್ದ ತಂಬಿಗೆ ಮೊದಲ ಸಲ ಅಳುಕಿತು. “ಏನಮ್ಮಾ, ಸ್ವಲ್ಪವೇ ಸುರಿಯಲೇ?”

“ಧಾರಾಳವಾಗಿ ಸುರಿಯಣ್ಣ” ಎಂದಿತು ಹೊಸದು. “ಈ ಹುಡುಗರ ಮೊಮ್ಮಕ್ಕಳು ಓದಲು ಬಂದಾಗಲೂ ಉದ್ಘಾಟನೆಗೆ ನಾನೇ ನಿಂತಿರುತ್ತೇನೆ. ನನಗೆ ಸಾವಿಲ್ಲ.”