ಹಂಡೆ ಬಿಡದ ಬಾನೆಟ್ಟು

ಒಂದಾನೊಂದು ಊರಿನಲ್ಲಿ ನಾನಿದ್ದೆ. ರಾಜನೂ ಇದ್ದ, ಆದರೆ ಜನ ಅವನ ಹೆಸರು ಹೇಳುತ್ತಿದ್ದದ್ದು ನನ್ನ ಹೆಸರಾದ ಮೇಲೆ. ಊಂ ಅನ್ನಿ. ಊಂ ಅನ್ನದಿದ್ದರೆ ಕತೆ ನಿಂತಲ್ಲೇ ಗಟ್ಟಿಯಾಗುತ್ತದೆ.

ರಾಜನಿಗೆ ಮೀಸೆಯ ಹುಚ್ಚು. ಹೊಳೆಯುವುದು ಏನು ಕಂಡರೂ ಬಗ್ಗಿ ಮೀಸೆ ನೋಡಿಕೊಳ್ಳುತ್ತಿದ್ದ. ಮೀಸೆಗೆ ಧೂಳು ಹಿಡಿಯುತ್ತದೆ ಅಂತ ಪಡುವಲ ರಸ್ತೆಯನ್ನು ಚಾಪೆಯ ಹಾಗೆ ಸುತ್ತಿಸಿ ಅಟ್ಟಕ್ಕೆ ಹಾಕಿಸಿಬಿಟ್ಟ. ಆ ರಸ್ತೆಯ ಕೊನೆಯ ಊರಿಗೆ ನಮ್ಮ ಅಕ್ಕ ತಾಯಕ್ಕನನ್ನು ಕೊಟ್ಟಿದ್ದೆವು. ಹೋದವಳು ರಸ್ತೆಯಿಲ್ಲದೆ ಅಲ್ಲೇ ಉಳಿದಳು. ಇಪ್ಪತ್ತೆರಡು ವರ್ಷ.

ಮನೆಯಲ್ಲಿ ಅವಳ ಗುರುತು ಅಂತ ಉಳಿದದ್ದು ಬಚ್ಚಲಿನ ತಾಮ್ರದ ಹಂಡೆ ಒಂದೇ. ಕಣ್ಣಾಮುಚ್ಚಾಲೆ ಆಡುವಾಗ ಅದರೊಳಗೆ ಅವಿತು, ನಾನು ಹುಡುಕಲಿಲ್ಲ ಅಂತ ಸಿಟ್ಟಿಗೆ ಮೊಣಕೈಯಲ್ಲಿ ಗುದ್ದಿದ್ದಳು. ಹಂಡೆಯ ಹೊಟ್ಟೆಗೆ ಹೊರಗಡೆ ಒಂದು ಉಬ್ಬು ಬಂತು.

ರಸ್ತೆಯೇ ಇಲ್ಲದ ಮೇಲೆ ನಡೆದು ಹೋಗುವಂತಿಲ್ಲ. ಆದ್ದರಿಂದ ಕಾರಿನಲ್ಲೇ ಹೋಗಬೇಕು. ಈ ತರ್ಕ ಊರಿನಲ್ಲಿ ಹೊಳೆದದ್ದು ನನ್ನೊಬ್ಬನಿಗೇ. ಹಳೇ ಆಟೋದ ಎಂಜಿನ್ನು, ನಾಲ್ಕು ಗಾಡಿಗಳ ನಾಲ್ಕು ಚಕ್ರ ಸೇರಿಸಿ ಹಿತ್ತಲಲ್ಲೇ ಕಾರು ಕಟ್ಟಿದೆ. ಕೀಲಿ ತಿರುಗಿಸಿದರೆ ಬರೀ ಚೌಕಟ್ಟಿನ ಚಾಸಿ ಮಾತಾಡಿತು.

"ಬರಿಮೈಲಿ ನಿಮ್ಮಕ್ಕನ ಮನೆಗೆ ಬರ್ಲಾ? ಮರ್ಯಾದೆ ಬೇಡ್ವಾ? ಬಾಡಿ ಹಾಕು."

ಫೈಬರ್ ತೊಟ್ಟಿ ಮಾಡುವ ಬಾಬಾಜಾನ್ ಸಾಹೇಬರ ಹತ್ತಿರ ಹೋದೆ. ಅವರು ಮೂವತ್ತು ವರ್ಷದಿಂದ ಮೈ ತುರಿಸಿಕೊಳ್ಳುತ್ತಿದ್ದರು. ಗಾಜಿನ ನಾರು ಚುಚ್ಚಿ ಚುಚ್ಚಿ ಹಾಗೆ.

"ಸುಲಭ ಕಣಪ್ಪ ಸೋಮ. ಅಚ್ಚಿಗೆ ಏಳು ಸಲ ಮೇಣ ತಿಕ್ಕು. ನಾರಿನ ಮ್ಯಾಟ್ ಹಾಸು. ರೆಸಿನ್ ಅಂಟಿಗೆ ಗಟ್ಟಿ ಮಾಡೋ ಹಾರ್ಡ್‌ನರ್ ಕಲಸಿ ಬ್ರಷ್ಷಲ್ಲಿ ಕುಡಿಸು. ಗಟ್ಟಿಯಾದ್ಮೇಲೆ ಕಳಚು."

"ಇದೆಲ್ಲ ನಂಗೊತ್ತು ಸಾಹೇಬ್ರೆ. ಮೇಣ ಯಾಕೆ?"

"ಬಿಡ್ಬೇಕಲ್ಲಪ್ಪ."

"ಯಾರು ಯಾರನ್ನ?"

"ಅಚ್ಚು ಬಾಡೀನ. ಮೇಣ ಇಲ್ಲಾಂದ್ರೆ ಹಿಡ್ಕೊಂಡಿದ್ದು ಬಿಡಲ್ಲ."

ಆ ಮಾತು ನನಗೆ ಅಂಟಿಕೊಂಡಿತು. ತಾಯಕ್ಕನ ಗಾಡಿ ಹೊರಟ ದಿನ ಅವಳ ಕೈ ನನ್ನ ಕೈಯಲ್ಲಿತ್ತು. ಬಿಡೋ ಅಂದರು. ಬಿಟ್ಟೆ. ಅವತ್ತು ಮೇಣ ಯಾರು ತಿಕ್ಕಿದ್ದರೋ.

ಮನೆಗೆ ಬಂದು ಹಂಡೆಯನ್ನು ಬೋರಲು ಹಾಕಿದೆ. ಬಾನೆಟ್ಟಿಗೆ ಅದೇ ಅಚ್ಚು.

"ಮೇಣ ತಿಕ್ಕೋ," ಅಂದಿತು ಹಂಡೆ.

"ತಿಕ್ಕಲ್ಲ."

"ಉಬ್ಬನ್ನಾದರೂ ತಟ್ಟಿ ಸಮ ಮಾಡೋ."

"ಮಾಡಲ್ಲ."

ಮ್ಯಾಟ್ ಹಾಸಿದೆ, ರೆಸಿನ್ ಕುಡಿಸಿದೆ. ಹೊಳೆಯಿತು ನೋಡಿ, ಸೂರ್ಯ ಬಂದು ತಲೆ ಬಾಚಿಕೊಂಡು ಹೋದ. ಅಷ್ಟರಲ್ಲಿ ರಾಜ ಬಂದ. ಬಗ್ಗಿ ಮೀಸೆ ನೋಡಿಕೊಂಡ. ಉಬ್ಬಿನ ಹತ್ತಿರ ಮೀಸೆ ಸೊಟ್ಟಗೆ ಕಂಡಿತು. ಇನ್ನಷ್ಟು ಬಗ್ಗಿದ. ಹಸಿ ರೆಸಿನ್ನಿಗೆ ಮೀಸೆ ಅಂಟಿತು. ಮಂತ್ರಿ ರಾಜನನ್ನು ಎಳೆದ. ಮಂತ್ರಿ ಅಂಟಿದ. ಸೇನಾಪತಿ ಮಂತ್ರಿಯನ್ನು ಎಳೆದ. ಸೇನಾಪತಿ ಅಂಟಿದ. ಕುದುರೆ ನೋಡಿ ನಕ್ಕಿತು. ನಗು ಅಂಟಿತು. ಇವತ್ತಿಗೂ ಆ ಊರಿನ ಕುದುರೆಗಳು ಹಲ್ಲು ಮುಚ್ಚುವುದಿಲ್ಲ.

"ಬಿಡಿಸೋ, ಅರ್ಧ ರಾಜ್ಯ ಕೊಡ್ತೀನಿ," ಅಂದ ರಾಜ.

"ಅರ್ಧ ರಾಜ್ಯ ಇಡೋಕೆ ನಮ್ಮನೇಲಿ ಜಾಗ ಇಲ್ಲ ಬುದ್ಧಿ. ಪಡುವಲ ರಸ್ತೆ ಹಾಸ್ಸಿ."

"ಧೂಳು ಏಳುತ್ತಲ್ಲೋ."

"ಅಂಟಿರೋ ಮೀಸೆಗೆ ಧೂಳೇನು ಬುದ್ಧಿ?"

ರಾಜ ಯೋಚಿಸಿದ. ಮೂಗು ಬಾನೆಟ್ಟಿಗೆ ಒತ್ತಿಕೊಂಡೇ ಯೋಚಿಸಿದ. "ಮೊದಲು ಬಿಡಿಸು, ಆ ಕ್ಷಣವೇ ಹಾಸಿಸ್ತೀನಿ," ಅಂದ.

ಸಾಹೇಬರು ತುರಿಸಿಕೊಳ್ಳುತ್ತಾ ಬಂದರು. "ಮೇಣ ತಿಕ್ಕದವನಿಗೆ ಒಂದೇ ದಾರಿ, ಬಿಸಿನೀರು. ಹಂಡೆ ತುಂಬ ಕಾಯಿಸು. ಆದ್ರೆ ಬಿಟ್ರೆ ಎಲ್ಲಾ ಬಿಡುತ್ತೆ ಕಣಪ್ಪ. ಮೀಸೆ ಒಂದೇ ಅಲ್ಲ."

ರಸ್ತೆ ಬೇಕಾದರೆ ಬಾನೆಟ್ಟು ಹಂಡೆಯನ್ನು ಬಿಡಬೇಕು. ಮೂರು ರಾಜ್ಯಗಳಲ್ಲಿ ಹೆಸರಾದ ನಾನು ಬಚ್ಚಲ ಮುಂದೆ ಸೌದೆ ಎಣಿಸುತ್ತಾ ಕೂತುಬಿಟ್ಟೆ.

"ಕಾಯಿಸೋ," ಅಂದಿತು ಹಂಡೆ. "ನೀರು ಕಾಯಿಸೋದೇ ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ನನ್ನ ಹತ್ತಿರ ಕೂತು ನೀನು ಸ್ನಾನ ಮಾಡೋದು ಕಡಿಮೆ, ಮಾತಾಡೋದು ಜಾಸ್ತಿ."

ರಾಜನನ್ನೂ ಸೇರಿಸಿ ಹಂಡೆಯನ್ನು ಎತ್ತಿ ನಿಲ್ಲಿಸಿದೆ. ಒಲೆ ಹಚ್ಚಿದೆ. ನೀರು ಕುದಿಯಿತು. ಟಪ್, ಸೇನಾಪತಿ. ಟಪ್, ಮಂತ್ರಿ. ಟಪ್, ಮೀಸೆ. ಕೊನೆಗೆ, ಬಹಳ ಹೊತ್ತಾದ ಮೇಲೆ, ಟಪ್ ಅಂತ ಬಾನೆಟ್ಟು. ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿದೆ. ಉಬ್ಬು ಬಾನೆಟ್ಟಿನಲ್ಲೂ ಇತ್ತು.

ರಸ್ತೆ ಹಾಸಿದರು. ಸುತ್ತಿಟ್ಟು ಅಭ್ಯಾಸವಾಗಿ ತುದಿ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದು ಸುತ್ತಿಕೊಳ್ಳುವ ಮೊದಲೇ ಕಾರು ಓಡಿಸಿದೆ.

ಬಾಗಿಲಲ್ಲಿ ನೆರೆತ ತಲೆಯ ಹೆಂಗಸೊಬ್ಬಳು ನಿಂತಿದ್ದಳು. "ಯಾರಪ್ಪಾ? ಯಾರು ಬೇಕಿತ್ತು?" ಅಂದಳು. ನಾನು ಇಳಿದು ಬಾನೆಟ್ಟಿನ ಧೂಳು ಒರೆಸಿದೆ. ಅವಳು ಮೆಟ್ಟಿಲಿಳಿದು, ಆಸರೆಗೆ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಕೈ ಉಬ್ಬಿನ ಮೇಲೆ ನಿಂತಿತು. ಮೆಲ್ಲಗೆ ಬಾನೆಟ್ಟು ಎತ್ತಿ, ಒಳಗಿನಿಂದ ಮೊಣಕೈ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

"ಸೋಮಾ," ಅಂದಳು, "ಹಂಡೆ ಕೆಡಿಸಿದ್ದು ಅಮ್ಮನಿಗೆ ಗೊತ್ತಾಯ್ತೇನೋ?"

"ನಾನೇ ಕೆಡಿಸಿದ್ದು ಅಂತ ಹೇಳಿ ಅವತ್ತೇ ಏಟು ತಿಂದಿದ್ದೀನಿ. ಬಾ, ಹತ್ತು."

ಇದರ ನೀತಿ: ಅಚ್ಚಿಗೆ ಏಳು ಸಲ ಮೇಣ ತಿಕ್ಕಬೇಕು, ಒಂದು ಮೊಣಕೈಯಷ್ಟು ಜಾಗ ಬಿಟ್ಟು. ಕತೆ ಗಟ್ಟಿಯಾಯಿತು, ನಾನು ಕಳಚಿದೆ, ತುರಿಕೆ ನಿಮ್ಮ ಪಾಲಿಗೆ.