ಒಂದೇ ಗಂಟಿನ ಇಬ್ಬರು ಚಿಗುರಿಯರು

ಕಾಡಿನ ಪ್ರಾಣಿಗಳ ಹೆಸರು, ನೆಂಟಸ್ತಿಕೆಗಳನ್ನೆಲ್ಲ ಒಂದು ಮುದಿ ಜೇಡ ತನ್ನ ಬಲೆಯಲ್ಲಿ ಕಟ್ಟಿಟ್ಟಿತ್ತು. ಹೆಸರಿಗೊಂದು ಗಂಟು, ಸಂಬಂಧಕ್ಕೊಂದು ಎಳೆ. ಯಾರು ಯಾರೆಂದು ತಿಳಿಯಬೇಕಾದವರೆಲ್ಲ ಅದನ್ನೇ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಚಿಗುರಿ ಎಂಬ ಜಿಂಕೆ ಮೇದು ಮರಳಿದಾಗ ಹಿಂಡಿನಲ್ಲಿ ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳ ಮರಿ ಹಿಂದೆ ಸರಿಯಿತು. ಗಾಬರಿಯಿಂದ ಅವಳು ಜೇಡನ ಬಳಿಗೆ ಓಡಿದಳು.

"ಚಿಗುರಿಯನ್ನು ನಿನ್ನೆ ಹುಲಿ ತಿಂದಿತು. ಹಿಂಡಿಗೂ ತಿಳಿಸಿದ್ದೇನೆ," ಎಂದಿತು ಜೇಡ.

"ಅವಳು ಹೊಳೆಯಾಚೆಯ ಚಿಗುರಿ. ನಾನು ಬೇರೆ."

"ಹೆಸರು ಒಂದೇ, ಮೈಮೇಲಿನ ಚುಕ್ಕಿಯೂ ಒಂದೇ ತರಹ. ಅದಕ್ಕೇ ಒಂದೇ ಗಂಟಿಗೆ ಸೇರಿಸಿದೆ."

"ಒಮ್ಮೆಯಾದರೂ ಬಂದು ನಮ್ಮನ್ನು ನೋಡಿದ್ದೆಯಾ?"

"ಬಲೆ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ."

"ಈಗ ನೋಡುತ್ತಿದ್ದೀಯಲ್ಲ. ಗಂಟು ಬಿಚ್ಚು."

ಜೇಡ ಅವಳನ್ನು ಬಹಳ ಹೊತ್ತು ನೋಡಿತು. "ಸತ್ತವರ ಮಾತು ಕೇಳಿ ಗಂಟು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ," ಎಂದಿತು.

ಚಿಗುರಿ ಹಿಂತಿರುಗಿ ಬಂದು ಮರಿಯನ್ನು ಮೆಲ್ಲಗೆ ಕರೆದಳು.

"ದನಿ ಅಮ್ಮನದೇ," ಎಂದಿತು ಮರಿ. "ಆದರೆ ಅಮ್ಮ ಸತ್ತಳಂತೆ. ನೀವು ಯಾರು?"

ಚಿಗುರಿ ಹೊಳೆಗೆ ಇಳಿದಳು. ನೀರಿನಲ್ಲಿ ತನ್ನ ಮುಖ ಕಾಣದೆ ಹೋದರೆ ಎಂದು ಹೆದರಿ, ಕಣ್ಣು ಮುಚ್ಚಿಕೊಂಡೇ ನೀರು ಕುಡಿದಳು.